700 ವರ್ಷದ ಬಾಡಿಗೆ ಮನೆಗಳು

ಪ್ರೀತಿಯ ರಾಘು,

ನಾನು ಕಳಿಸಿದ ಫೋಟೋ ನೋಡಿ "ಸುಣ್ಣ ಹೊಡೆದ ಅಂಗಡಿ ಸಾಲು ಕಣೋ ಇದು, ಇದರ ಮುಂದೆ ಅರ್ಧ ದಿನ ಏನು ಮಾಡ್ತಿದ್ದೆ?" ಅಂತ ಕೇಳಿದ್ದೆ. ಫೋನಿನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ. ಈಗ ನಿಧಾನವಾಗಿ ಹೇಳುತ್ತೇನೆ, ಕೇಳು.

ಅದು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಗುಡ್ರಮ್‌ಗೇಟ್ ಬೀದಿ. ಇಲ್ಲಿ ಬೀದಿ ಹೆಸರಿನ ಕೊನೆಗೆ ಬರುವ 'ಗೇಟ್' ಅಂದರೆ ಬಾಗಿಲಲ್ಲ, ಬೀದಿ ಅಂತಲೇ ಅರ್ಥ. ವೈಕಿಂಗರು ಬಿಟ್ಟುಹೋದ ಮಾತು. ಕೋಟೆ ಬಾಗಿಲಿಗೆ ಇಲ್ಲಿನವರು 'ಬಾರ್' ಅನ್ನುತ್ತಾರೆ.

ನೀನು ನೋಡಿದ ಸಾಲಿನ ಹೆಸರು ಲೇಡಿ ರೋ. ಕಟ್ಟಿದ್ದು 1316ರಲ್ಲಿ. ಯಾರ್ಕಿನಲ್ಲಿ ಉಳಿದಿರುವ ಮನೆ ಸಾಲುಗಳಲ್ಲಿ ಇದೇ ತುಂಬ ಹಳೆಯದು. ಆ ವರ್ಷಗಳಲ್ಲಿ ಬಿಡದೆ ಸುರಿದ ಮಳೆಗೆ ಪೈರು ಕೊಳೆತು ಇಂಗ್ಲೆಂಡಿನಲ್ಲಿ ದೊಡ್ಡ ಕ್ಷಾಮ ಬಿದ್ದಿತ್ತು. ಜನ ಹಸಿದು ಸಾಯುತ್ತಿದ್ದ ಹೊತ್ತಿನಲ್ಲಿ ಎದ್ದ ಗೋಡೆಗಳು ಇವು.

ಸಾಹುಕಾರರ ಮನೆ ಅಂದುಕೊಳ್ಳಬೇಡ. ಬಾಡಿಗೆಗೆ ಕೊಡಲಿಕ್ಕೆ ಅಂತಲೇ ಕಟ್ಟಿದ್ದು. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ಒಂದು ಸಂಸಾರಕ್ಕೆ ಅಷ್ಟೇ. ಹಿಂದುಗಡೆ ಹೋಲಿ ಟ್ರಿನಿಟಿ ಚರ್ಚ್ ಇದೆ. ಅದರ ಸಮಾಧಿ ಅಂಗಳದ ಅಂಚಿನಲ್ಲಿ, ಬೀದಿಗೆ ಮುಖ ಮಾಡಿ ಈ ಮನೆಗಳನ್ನು ನಿಲ್ಲಿಸಿದರು. ಚರ್ಚಿನಲ್ಲಿ ಮೇರಿ ಮಾತೆಯ ಹೆಸರಿನ ಪೀಠವಿತ್ತು. ಅಲ್ಲಿ ಸತ್ತವರ ಆತ್ಮಕ್ಕಾಗಿ ಪ್ರಾರ್ಥಿಸುವ ಪಾದ್ರಿಗೆ ಈ ಬಾಡಿಗೆಯಿಂದ ಸಂಬಳ. 'ಲೇಡಿ' ಅನ್ನೋ ಹೆಸರು ಬಂದಿದ್ದು ಆ ತಾಯಿಯಿಂದ. 1540ರ ದಶಕದ ಕೊನೆಗೆ ಇಂಥ ದತ್ತಿಗಳನ್ನೆಲ್ಲ ಸರ್ಕಾರ ರದ್ದು ಮಾಡಿತು. ಪ್ರಾರ್ಥನೆ ನಿಂತುಹೋಯಿತು, ಮನೆಗಳು ಉಳಿದುಕೊಂಡವು.

ಮರದ ಕೆಲಸ ನಿಮ್ಮ ಮನೆಯಲ್ಲೇ ಹುಟ್ಟಿದ್ದು, ಹಾಗಾಗಿ ಇದನ್ನು ನಿನಗೆ ಹೇಳದಿದ್ದರೆ ಆಗುವುದಿಲ್ಲ. ಆಗಿನ ಬಡಗಿಗಳು ಓಕ್ ಮರವನ್ನು ಹಸಿಯಾಗಿದ್ದಾಗಲೇ ಬಳಸುತ್ತಿದ್ದರು. ಒಣಗಿದ ಮೇಲೆ ಅದು ಉಳಿಗೆ ಬಗ್ಗುವುದಿಲ್ಲ. ಒಂದು ಮರಕ್ಕೆ ಕುಳಿ ತೋಡಿ, ಇನ್ನೊಂದರ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಒಳಗೆ ಕೂರಿಸಿ ಮರದ ಗೂಟ ಹೊಡೆಯುವುದು. ಕೆಲಸದ ಅಂಗಳದಲ್ಲೇ ಎಲ್ಲ ಜೋಡಿಸಿ ನೋಡಿ, ಯಾವುದಕ್ಕೆ ಯಾವುದು ಅಂತ ಗೀರು ಹಾಕಿ ಗುರುತು ಮಾಡಿ, ಬಿಚ್ಚಿ ತಂದು ಜಾಗದಲ್ಲಿ ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಕಂಬಗಳ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದರೆ ಗೋಡೆ ಆಯಿತು. ಹಸಿ ಮರ ಕಟ್ಟಡದಲ್ಲಿ ನಿಂತೇ ಒಣಗುತ್ತದೆ, ಸ್ವಲ್ಪ ತಿರುಚಿಕೊಳ್ಳುತ್ತದೆ, ಗೂಟವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹಳೇ ಮನೆಗಳು ಓರೆಯಾಗಿ ಕಂಡರೂ ಬೀಳದೆ ನಿಂತಿರುವುದು ಇದರಿಂದ. ಫೋಟೋದಲ್ಲಿ ಮೇಲಂತಸ್ತು ಬೀದಿ ಕಡೆಗೆ ಮುಂದೆ ಚಾಚಿದೆ ನೋಡು. ಮೇಲಿನ ಕೋಣೆಗೆ ಒಂದಿಷ್ಟು ಜಾಗ ಜಾಸ್ತಿ ಸಿಕ್ಕಿತು, ಕೆಳಗಿನ ಗೋಡೆಗೆ ಮಳೆಯಿಂದ ಮರೆಯೂ ಆಯಿತು.

ಈಗ ಬೀದಿ ಉದ್ದಕ್ಕೂ ಅಂಗಡಿ, ಊಟದ ಜಾಗಗಳು. ನಿಜ ಹೇಳ್ತೀನಿ, ಮೊದಲು ಬೇಜಾರಾಯ್ತು. ಒಂದು ಸಂಸಾರ ಒಲೆ ಹಚ್ಚುತ್ತಿದ್ದ ಕೋಣೆಗೆ ಗಾಜಿನ ದೊಡ್ಡ ಕಿಟಕಿ, ಮೇಲೊಂದು ಬೋರ್ಡು! ಸಾಲಿನ ತುದಿಯ ಒಂದು ಮನೆಯನ್ನಂತೂ 1766ರಲ್ಲಿ ಕೆಡವಿ ಚರ್ಚಿಗೆ ಕಮಾನಿನ ದಾರಿ ಮಾಡಿದ್ದಾರೆ. ಆದರೆ ಒಂದು ಅಂಗಡಿಯೊಳಗೆ ತಲೆ ಬಗ್ಗಿಸಿ ನಿಂತಾಗ ನನ್ನ ಮನಸ್ಸು ಬದಲಾಯಿತು. ಅಂಗಡಿಯವರು ಪಾತ್ರೆ ಒರೆಸುತ್ತಾ ಮಧ್ಯೆ ಮಧ್ಯೆ ಮೇಲಿನ ತೊಲೆ ಕಡೆ ನೋಡುತ್ತಿದ್ದರು. ಹಿಂದಿನ ರಾತ್ರಿ ಮಳೆ ಬಂದಿತ್ತು. ಸೋರಿದೆಯಾ ಅಂತ ನೋಡೋದು ಅವರಿಗೆ ಅಭ್ಯಾಸವೇ ಆಗಿಹೋಗಿದೆ. ಬೀಗ ಹಾಕಿದ ಮನೆಯಲ್ಲಿ ಹೀಗೆ ನೋಡುವವರು ಯಾರು? ಒಂದು ಹೆಂಚು ಜಾರಿದರೂ ಸಾಕು, ನೀರು ಇಳಿದು ತೊಲೆಯ ತುದಿ ಕೊಳೆಯುತ್ತದೆ, ಆಮೇಲೆ ಮಾಡೇ ಕೂತುಬಿಡುತ್ತದೆ. ಪಾದ್ರಿಯ ಸಂಬಳಕ್ಕಾಗಿ ಇರಲಿ, ವ್ಯಾಪಾರಕ್ಕಾಗಿ ಇರಲಿ, ಪ್ರತಿ ಕಾಲದಲ್ಲೂ ಯಾರಿಗೋ ಈ ಗೋಡೆಗಳು ಬೇಕಾಗಿದ್ದವು. ಅದರಿಂದಲೇ ಉಳಿದವು ಅಂತ ನನಗನ್ನಿಸುತ್ತದೆ. ಈಗ ಕಾನೂನಿನ ರಕ್ಷಣೆಯೂ ಇದೆ. ಮೊದಲ ದರ್ಜೆಯ ಪಟ್ಟಿಯಲ್ಲಿರುವ ಕಟ್ಟಡ ಇದು, ಅನುಮತಿ ಇಲ್ಲದೆ ಇದರ ರೂಪ ಬದಲಿಸುವುದು ಅಪರಾಧ.

ಇಲ್ಲಿಂದ ಕೆಲವೇ ನಿಮಿಷ ನಡೆದರೆ ಶಾಂಬಲ್ಸ್ ಸಿಗುತ್ತದೆ. ಹಿಂದೆ ಅದು ಮಾಂಸದ ಅಂಗಡಿಗಳ ಬೀದಿ. ಮಾಂಸ ಜೋಡಿಸುವ ಹಲಗೆಗೆ ಹಳೇ ಇಂಗ್ಲಿಷಿನಲ್ಲಿದ್ದ ಮಾತೇ ಬೀದಿಯ ಹೆಸರಾಯಿತು. ಕಿಟಕಿ ಕೆಳಗಿನ ಆ ಅಗಲ ಹಲಗೆಗಳು, ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು ಕೆಲವು ಕಡೆ ಇನ್ನೂ ಇವೆ. ಮಾಂಸದ ಅಂಗಡಿ ಮಾತ್ರ ಒಂದೂ ಇಲ್ಲ. ಅಲ್ಲಿ ಫೋಟೋ ತೆಗೆಯುವವರ ನೂಕುನುಗ್ಗಲು. ಲೇಡಿ ರೋ ಮುಂದೆ ಜನ ಸುಮ್ನೆ ನಡೆದು ಹೋಗುತ್ತಾರೆ, ತಲೆ ಎತ್ತಿಯೂ ನೋಡುವುದಿಲ್ಲ. ನನಗೆ ಇದೇ ಹೆಚ್ಚು ಇಷ್ಟವಾಯಿತು.

ಇದರ ಜೊತೆ ಇನ್ನೊಂದು ಫೋಟೋ ಕಳಿಸುತ್ತಿದ್ದೇನೆ, ಆ ಅಂಗಡಿಯ ತೊಲೆಯದು. ನಾರಿನ ಉದ್ದಕ್ಕೆ ಒಂದು ಬಿರುಕಿದೆ, ನನ್ನ ಬೆರಳು ಒಳಗೆ ಹೋಗುವಷ್ಟು. ಅದು ಅಪಾಯವೋ, ಮರ ಒಣಗುವಾಗ ಬಂದದ್ದೋ ನನಗೆ ತಿಳಿಯಲಿಲ್ಲ. ನಿಮ್ಮ ಅಪ್ಪನಿಗೆ ತೋರಿಸು. ಅವರು ಏನಂದರು ಅಂತ ಮರೀದೆ ಬರಿ.

ನಿನ್ನ
ಸತೀಶ