ಗುಂಡನ ಟಿಕೇಟಿನ ವಿಚಾರ

ನೀರ್ಚಾಲು
ಅಕ್ಟೋಬರ್ 5

ಚಿ. ಸೌ. ಶ್ರೀವಿದ್ಯಳಿಗೆ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ಮಳೆ ಬಿಟ್ಟಿತು ಎನ್ನುವಾಗ ಅತ್ತೆಯ ಮಂಡಿನೋವು ಕಡಿಮೆಯಾಗಿತ್ತು, ನಿನ್ನೆಯಿಂದ ಮತ್ತೆ ಮೋಡ, ಮತ್ತೆ ನೋವು. ಮೂರನೆಯ ಸಲ ಮದ್ದು ಬಿಡಲು ಜನ ಸಿಗದೆ ಕೊಳೆರೋಗಕ್ಕೆ ಅಡಿಕೆ ತುಂಬಾ ಹೋಯಿತು. ನೀವು ಇಲ್ಲಿ ಬಿಟ್ಟುಹೋದ ನಿಮ್ಮ ಪಗ್ ನಾಯಿ ಗುಂಡನೂ ಕ್ಷೇಮ. ಅವನದ್ದು ಸ್ವಲ್ಪ ಹೆಚ್ಚೇ ಕ್ಷೇಮ, ಮುಂದೆ ಬರೆಯುತ್ತೇನೆ.

ಮೊನ್ನೆ ಫೋನಿನಲ್ಲಿ ಅಳುತ್ತಾ ಕೇಳಿದೆಯಲ್ಲ, ‘ಮಾವಾ, ಇವನನ್ನು ವಿಮಾನದಲ್ಲಿ ಕರೆದುಕೊಂಡು ಹೋಗಲೋ ಬೇಡವೋ ನೀವೇ ಹೇಳಿ, ಮೃಗಾಸ್ಪತ್ರೆಯಲ್ಲಿ ಇದ್ದವರು ನೀವು’ ಎಂದು. ಆಗ ನಾನು ಏನೂ ಹೇಳಲಿಲ್ಲ. ಅಳುವವರಿಗೆ ಫೋನಿನಲ್ಲಿ ಕಿಲೋ, ಸೆಂಟಿಮೀಟರ್ ಲೆಕ್ಕ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೇ ಈ ಕಾಗದ.

ನೀನು ಧರ್ಮರಾಯನ ಕತೆ ತೆಗೆದೆ. ಸ್ವರ್ಗಕ್ಕೆ ಹೋಗುವಾಗಲೂ ಅವನು ನಾಯಿಯನ್ನು ಬಿಡಲಿಲ್ಲ, ಜರ್ಮನಿಗೆ ಹೋಗಲು ನಾನು ಬಿಡಲೇ ಎಂದೆ. ಮಾರಾಯ್ತಿ, ತಾಳಮದ್ದಳೆ ಕೇಳಿ ಬೆಳೆದವಳಿಗೆ ಉತ್ತರ ಕೊಡುವುದು ಕಷ್ಟ. ಆದರೆ ಧರ್ಮರಾಯನ ಪಾತ್ರದ ಅರ್ಥ ನಾನೂ ಎರಡು ಸಲ ಹೇಳಿದ್ದೇನೆ, ಆದ್ದರಿಂದ ಒಂದು ಪ್ರಶ್ನೆ ಹಾಕುತ್ತೇನೆ. ದೇವೇಂದ್ರ ಬಂದು, ‘ಆಗಲಿ, ನಾಯಿಯೂ ಬರಲಿ. ನೀನು ಮೇಲೆ ಪೀಠದಲ್ಲಿ ಕೂರು. ಅದನ್ನು ಪೆಟ್ಟಿಗೆಗೆ ಹಾಕಿ, ರಥದ ಅಡಿಯಲ್ಲಿ ಮೂಟೆಗಳ ಜೊತೆ ಕಟ್ಟುತ್ತೇವೆ’ ಎಂದಿದ್ದರೆ? ನಾನು ಅರ್ಥ ಹೇಳುವ ಧರ್ಮರಾಯ ಹತ್ತುತ್ತಿರಲಿಲ್ಲ. ನಿನಗೆ ಹೇಳುವುದೂ ಅಷ್ಟೇ. ನಿನ್ನ ಕಾಲಬುಡದಲ್ಲಿ ಜಾಗ ಸಿಕ್ಕಿದರೆ ಗುಂಡ ಬರಲಿ. ಅಡಿಯ ಸರಕಿನ ಕೋಣೆಗೆ ಮಾತ್ರ ಬೇಡ.

ಆ ಕೋಣೆಯಲ್ಲಿ ಗಾಳಿಯೇ ಇರುವುದಿಲ್ಲ ಎಂದು ನಿನ್ನ ಅಮ್ಮ ಹೆದರಿಸಿದಳಂತೆ, ಅದು ಸರಿಯಲ್ಲ. ಪ್ರಾಣಿಗಳನ್ನು ಇಡುವ ಕೋಣೆಯಲ್ಲಿ ಗಾಳಿಯ ಒತ್ತಡ ನೀವು ಕೂರುವಲ್ಲಿನಷ್ಟೇ ಇರುತ್ತದೆ, ಚಳಿ ಆಗದಂತೆ ವ್ಯವಸ್ಥೆಯೂ ಉಂಟು. ಹಾರುವಾಗಿನ ಭಯಕ್ಕಿಂತ ನನಗೆ ಹೆಚ್ಚಿನ ಭಯ ನೆಲದ ಮೇಲಿನದ್ದು. ಪೆಟ್ಟಿಗೆಯನ್ನು ಗಾಡಿಯಲ್ಲಿಟ್ಟು ವಿಮಾನದ ಬಳಿ ನಿಲ್ಲಿಸುವಾಗ ಕೆಳಗೆ ಕಾದ ಕಾಂಕ್ರೀಟು, ಸುತ್ತ ಇಂಜಿನಿನ ಸದ್ದು, ಗುರುತಿನ ಮುಖ ಒಂದೂ ಇಲ್ಲ. ವಿಮಾನ ತಡವಾಯಿತೋ, ಅಲ್ಲೇ ಬಾಕಿ.

ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂಚೂರು ಬೆವರುತ್ತದೆ, ಉಳಿದದ್ದು ಹೆಚ್ಚಾಗಿ ಏದುಸಿರಿನಿಂದ ಆಗಬೇಕು. ಮೂಗಿನ ಒಳಗಿನ, ನಾಲಗೆಯ ಪಸೆಯ ಮೇಲೆ ಗಾಳಿ ಹಾಯಿಸಿಯೇ ಅದು ಮೈ ತಣಿಸಿಕೊಳ್ಳುವುದು. ನಾಯಿಯ ಸಹಜ ಮೈಬಿಸಿ ಹೆಚ್ಚುಕಡಿಮೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತೆಂದರೆ ಒಳಗಿನ ಅಂಗಗಳು ಒಂದೊಂದಾಗಿ ಕೈಕೊಡಲು ಶುರು. ಈಗ ಪಗ್ ಜಾತಿಯನ್ನು ನೋಡು. ತಳಿ ಬೆಳೆಸಿದವರು ಮೂತಿಯ ಎಲುಬನ್ನು ಗಿಡ್ಡ ಮಾಡುತ್ತಾ ಬಂದರು, ಒಳಗಿನ ಮಾಂಸ ಗಿಡ್ಡವಾಗಲಿಲ್ಲ. ಅಂಗುಳಿನ ಹಿಂಭಾಗ ಗಂಟಲಿನ ದಾರಿಗೆ ಜೋತುಬೀಳುತ್ತದೆ, ಮೂಗಿನ ಹೊಳ್ಳೆ ಕತ್ತಿಯಲ್ಲಿ ಗೀರಿದಷ್ಟೇ. ನೀನು ಮುದ್ದೆಂದು ವೀಡಿಯೊ ಮಾಡಿ ಎಲ್ಲರಿಗೂ ಕಳಿಸುವ ಆ ಗೊರಕೆ ಉಂಟಲ್ಲ, ಅದು ಉಸಿರಿಗೆ ಅವನು ಪಡುವ ಪಾಡು.

ಅಮೆರಿಕದ ಸಾರಿಗೆ ಇಲಾಖೆ 2005ರ ಮೇ ತಿಂಗಳಿಂದ ಐದು ವರ್ಷದ ಲೆಕ್ಕ ತೆಗೆದಿತ್ತು. ಅಲ್ಲಿನ ವಿಮಾನಗಳಲ್ಲಿ ಸತ್ತ ನಾಯಿಗಳು 122, ಅವುಗಳಲ್ಲಿ ಸುಮಾರು ಅರ್ಧ ಇಂಥ ಚಪ್ಪಟೆ ಮೂತಿಯ ಜಾತಿಗಳು. ಹಾರಿದ ನಾಯಿಗಳ ಲೆಕ್ಕಕ್ಕೆ 122 ಏನೂ ಅಲ್ಲ, ಒಪ್ಪುತ್ತೇನೆ. ನಮ್ಮ ಊರಿನ ಕಾಟುನಾಯಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಲೇ ಇರಲಿಲ್ಲ. ಪಗ್, ಬುಲ್‌ಡಾಗ್‌ಗಳನ್ನು ಸರಕಿನ ಕೋಣೆಗೆ ತೆಗೆದುಕೊಳ್ಳುವುದೇ ಇಲ್ಲ ಎನ್ನುವ ಕಂಪೆನಿಗಳು ಎಷ್ಟೋ ಉಂಟು. ನಿನಗೆ ಆ ಏಜೆಂಟ್ ‘ನಾವು ಮಾಡಿಸಿಕೊಡುತ್ತೇವೆ’ ಎಂದನಂತಲ್ಲ, ಯಾವ ಕಂಪೆನಿ, ಯಾವ ಕೋಣೆ ಎಂದು ಬರಹದಲ್ಲಿ ಕೇಳು. ಬಾಯಿಮಾತು ಬೇಡ.

ಇನ್ನು ನಿನ್ನ ಗಂಡ ಪ್ರಸಾದ ಕೇಳಿದ ಮಾತ್ರೆ. ‘ಒಂದು ನಿದ್ದೆ ಮಾತ್ರೆ ಕೊಟ್ಟರೆ ಅಲ್ಲಿಗೆ ಮುಟ್ಟುವವರೆಗೆ ಮಲಗುತ್ತಾನಲ್ಲ.’ ಇದನ್ನು ಓದುವಾಗ ಅವನನ್ನೂ ಹತ್ತಿರ ಕೂರಿಸು. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿರಬಹುದು. ತೋಟದ ಧಣಿಯೊಬ್ಬರು ಬಾಕ್ಸರ್ ಜಾತಿಯ ನಾಯಿಯನ್ನು ಜೀಪಿನಲ್ಲಿ ಮಡಿಕೇರಿಗೆ ಒಯ್ಯುವವರಿದ್ದರು. ಜೀಪಿನಲ್ಲಿ ಕುಣಿಯುತ್ತದೆ, ಎಂತಾದರೂ ಕೊಡು ಎಂದರು. ಡಾಕ್ಟರರು ರಜೆಯಲ್ಲಿದ್ದರು. ನನಗೆ ಗೊತ್ತಿದೆ ಎಂಬ ಗತ್ತು ಬೇರೆ. ಒಂದು ಮಾತ್ರೆ ಕೊಟ್ಟೆ. ನನಗೂ ಮಡಿಕೇರಿಯಲ್ಲಿ ಕೆಲಸವಿದ್ದದ್ದರಿಂದ ಅದೇ ಜೀಪು ಹತ್ತಿದೆ. ಏಪ್ರಿಲ್ ತಿಂಗಳು. ಸುಳ್ಯ ದಾಟುವವರೆಗೆ ನಾಯಿ ಮಲಗಿತ್ತು, ಧಣಿಗಳು ನನ್ನನ್ನು ಹೊಗಳಿದರು. ಸಂಪಾಜೆಗೆ ಬರುವಾಗ ನೋಡುತ್ತೇನೆ, ನಾಲಗೆ ನೇರಳೆ ಹಣ್ಣು ತಿಂದವರ ಹಾಗೆ. ಏದುಸಿರು ಬಿಡಲಿಕ್ಕೂ ಅದಕ್ಕೆ ಎಚ್ಚರ ಬೇಕಲ್ಲ? ಆ ಎಚ್ಚರವನ್ನೇ ನಾನು ತೆಗೆದಿದ್ದೆ. ಪಯಸ್ವಿನಿಗೆ ಎತ್ತಿಕೊಂಡು ಓಡಿ, ನೀರಿನಲ್ಲಿ ಕೂರಿಸಿ, ಒಂದು ಗಂಟೆ ತಲೆ ಹಿಡಿದುಕೊಂಡು ಕೂತೆ. ಬದುಕಿತು. ಆದರೆ ಆಮೇಲೆ ನಾನು ಆ ಮನೆಗೆ ಹೋದಾಗಲೆಲ್ಲ ಮಂಚದ ಅಡಿಗೆ ಹೋಗಿ ಕೂರುತ್ತಿತ್ತು. ನನ್ನ ಧ್ವನಿ ಕೇಳಿದರೂ ಸಾಕು.

ಬಾಕ್ಸರ್ ಜಾತಿಗೆ ಆ ಮಾತ್ರೆ ಹೆಚ್ಚು ನಾಟುತ್ತದೆ ಎಂದು ಡಾಕ್ಟರರು ರಜೆ ಮುಗಿಸಿ ಬಂದ ಮೇಲೆ ಬೈಯುತ್ತಾ ಹೇಳಿಕೊಟ್ಟರು. ರಕ್ತದ ಒತ್ತಡ ಇಳಿಯುತ್ತದೆ, ಮೈಬಿಸಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಶಕ್ತಿ ಹೋಗುತ್ತದೆ, ಪೆಟ್ಟಿಗೆ ವಾಲಿದರೆ ಕಾಲೂರಿ ನಿಲ್ಲಲಾಗುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘವೂ ವಿಮಾನಕ್ಕೆ ಹತ್ತಿಸುವ ಪ್ರಾಣಿಗೆ ಮಂಪರಿನ ಮದ್ದು ಬೇಡವೆಂದೇ ಹೇಳುವುದು. ನಾನು ಅದನ್ನು ಸಂಪಾಜೆಯಲ್ಲಿ ಕಲಿತೆ.

ಕಾಗದಪತ್ರದ ವಿಷಯ. ಆಚೆಮನೆಯ ಹುಡುಗನಿಂದ ಯುರೋಪಿನ ನಿಯಮಗಳನ್ನು ಪ್ರಿಂಟ್ ಹಾಕಿಸಿ ಓದಿದೆ. ನೀನು ಜನವರಿ 10ಕ್ಕೆ ಹೊರಡುವುದೆಂದರೆ ಗುಂಡ ನಿನ್ನ ಜೊತೆ ಬರುವ ಪ್ರಶ್ನೆಯೇ ಇಲ್ಲ. ಪ್ರತಿವರ್ಷ ರೇಬೀಸ್ ಚುಚ್ಚಿಸಿದ್ದೇನೆ ಎನ್ನುತ್ತೀ. ಚುಚ್ಚಿಸಿದ್ದೀ, ಪುಸ್ತಕ ನನ್ನ ಮುಂದೆಯೇ ಉಂಟು. ಆದರೆ ಅವರಿಗೆ ಮೊದಲು ಮೈಕ್ರೋಚಿಪ್, ಆಮೇಲೆ ಲಸಿಕೆ. ಚಿಪ್ ಇಲ್ಲದ ನಾಯಿಗೆ ಹಾಕಿಸಿದ ಲಸಿಕೆ ಅವರ ಲೆಕ್ಕಕ್ಕೆ ಬರುವುದೇ ಇಲ್ಲ, ಯಾವ ನಾಯಿಗೆ ಹಾಕಿಸಿದ್ದು ಎಂಬುದಕ್ಕೆ ಸಾಕ್ಷಿ ಎಲ್ಲಿ? ಚಿಪ್ ಎಂದರೆ ಕುಚ್ಚಲಕ್ಕಿ ಕಾಳಿನಷ್ಟು ದೊಡ್ಡದು, 15 ಅಂಕಿಯ ನಂಬ್ರ, ಕತ್ತಿನ ಚರ್ಮದ ಅಡಿಗೆ ಸೂಜಿಯಲ್ಲಿ ಹಾಕುತ್ತಾರೆ. ಅದಾದ ಮೇಲೆ ಲಸಿಕೆ. ಲಸಿಕೆಯಾಗಿ 30 ದಿನ ಕಳೆಯದೆ ರಕ್ತ ತೆಗೆಯುವ ಹಾಗಿಲ್ಲ. ಆ ರಕ್ತ ಯುರೋಪು ಒಪ್ಪಿದ ಪ್ರಯೋಗಾಲಯಕ್ಕೆ ಹೋಗಬೇಕು, ಮಿಲಿಲೀಟರಿಗೆ 0.5 ಯೂನಿಟಿಗೆ ಕಡಿಮೆ ಇಲ್ಲದಷ್ಟು ರೋಗ ತಡೆಯುವ ಪ್ರತಿಕಾಯ ಕಾಣಬೇಕು. ಕಂಡರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ರೋಗ ಒಳಗೆ ಅಡಗಿದ್ದರೆ ಅಷ್ಟರಲ್ಲಿ ಹೊರಗೆ ಬೀಳಲಿ ಎಂದು. ನಮ್ಮ ದೇಶದಲ್ಲಿ ಹುಚ್ಚುನಾಯಿಯ ರೋಗ ಇರುವುದು ಸುಳ್ಳಲ್ಲವಲ್ಲ, ಅವರ ಮೇಲೆ ಸಿಟ್ಟು ಮಾಡಿ ಫಲವಿಲ್ಲ.

ಅಕ್ಟೋಬರ್ 8ಕ್ಕೆ ಚಿಪ್, ಲಸಿಕೆ ಎರಡೂ ಆದರೆ ರಕ್ತ ನವೆಂಬರ್ 7ಕ್ಕೆ. ಅಲ್ಲಿಂದ ಮೂರು ತಿಂಗಳೆಂದರೆ ಫೆಬ್ರವರಿ 7. ನೀನು ಮೊದಲು ಹೋಗಿ ನಾಯಿ ಹಿಂದಿನಿಂದ ಬರುವುದಾದರೆ ನಿನ್ನ ಪ್ರಯಾಣಕ್ಕೂ ಅದರದ್ದಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು, ಹೆಚ್ಚಾದರೆ ವ್ಯಾಪಾರದ ಪ್ರಾಣಿಗಳ ನಿಯಮ ಬೀಳುತ್ತದೆ. ಅಂದರೆ ಫೆಬ್ರವರಿಯಲ್ಲಿ ನೀನು ಒಮ್ಮೆ ಬಂದು ಹೋಗಬೇಕು, ಇಲ್ಲವೇ ಹೊರಡುವುದನ್ನೇ ಮುಂದೆ ಹಾಕಬೇಕು. ಕೊನೆಯ ಆರೋಗ್ಯಪತ್ರಕ್ಕೆ ಹತ್ತೇ ದಿನದ ಆಯುಷ್ಯ, ಅದನ್ನು ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯಲ್ಲಿ ಮಾಡಿಸುವುದು.

ಒಂದು ತಮಾಷೆ. ಬೆಂಗಳೂರಿನ ಪುಸ್ತಕದಲ್ಲಿ ಇವನು ‘ಗುಂಡ’. ಕಳೆದ ವರ್ಷ ಇಲ್ಲಿದ್ದಾಗ ಕಿವಿಗೆ ಮದ್ದು ಮಾಡಿದ ಚೀಟಿಯಲ್ಲಿ ಮಲಯಾಳಿ ಡಾಕ್ಟರಮ್ಮ ‘ಗುಂಡನ್’ ಎಂದು ಬರೆದಿದ್ದಾರೆ. ಅವರ ಭಾಷೆಯಲ್ಲಿ ಗುಂಡ ಎಂದರೆ ರೌಡಿಯಾಯಿತು, ಆಕೆ ಹೆಸರು ಕೇಳಿ ನಕ್ಕದ್ದು ಈಗಲೂ ನೆನಪುಂಟು. ಹೊಸ ಕಾಗದಗಳಲ್ಲೆಲ್ಲ ಹೆಸರು ಒಂದೇ ತರ ಬರುವಂತೆ ನೋಡು. ಕಡಲಾಚೆಯ ಅಧಿಕಾರಿಗೆ ಕಾಸರಗೋಡಿನ ಭಾಷೆಯ ಸಮಸ್ಯೆ ವಿವರಿಸಲು ನಿನಗೆ ಆಗುವುದಿಲ್ಲ, ನಮಗೇ ಆಗಲಿಲ್ಲ.

ಈಗ ತೂಕ. ಯುರೋಪಿನ ದೊಡ್ಡ ಕಂಪೆನಿಗಳಲ್ಲಿ ಸೀಟಿನ ಅಡಿಗೆ ಇಡುವ ನಾಯಿಗೆ ಚೀಲ ಸೇರಿ 8 ಕಿಲೋ ಎಂದು ಮಿತಿ ಇಟ್ಟದ್ದುಂಟು. ಅಡಿಕೆ ತೂಗುವ ತಕ್ಕಡಿಯಲ್ಲಿ ಗುಂಡನನ್ನು ನಿಲ್ಲಿಸಿದೆ. 8 ಕಿಲೋ 700. ಬರುವಾಗ 8ರ ಒಳಗಿದ್ದನೆಂದು ನೀನು ಹೇಳುತ್ತೀ. ಬೆಳಿಗ್ಗೆ ಅತ್ತೆಯ ದೋಸೆ, ಹತ್ತು ಗಂಟೆಗೆ ಕೆಲಸದವರ ಅವಲಕ್ಕಿ, ಸಂಜೆ ಹಲಸಿನ ಹಪ್ಪಳ, ಮತ್ತೆ ಎಂತಾಗಬೇಕು? ಇವತ್ತಿನಿಂದ ಎಲ್ಲ ಬಂದ್ ಮಾಡಿದ್ದೇನೆ. ಮನೆಯಲ್ಲಿ ನನ್ನೊಡನೆ ಮಾತಿಲ್ಲ, ಇಬ್ಬರದ್ದೂ. ವಾರಕ್ಕೆ ಮೈತೂಕದ ನೂರಕ್ಕೆ ಒಂದೋ ಒಂದೂವರೆಯೋ ಪಾಲು ಇಳಿದರೆ ಸಾಕು, ಅವಸರ ಮಾಡಿದರೆ ಬೇರೆ ತೊಂದರೆ. ಫೆಬ್ರವರಿ ಹೊತ್ತಿಗೆ 7ಕ್ಕೆ ಬಂದಾನು. ಅವನು ಇಲ್ಲೇ ಉಳಿದರೂ ಈ ಪಥ್ಯ ದಂಡವಲ್ಲ, ಕೊಬ್ಬು ಇಳಿದ ಪಗ್ಗಿಗೆ ಉಸಿರಾಟ ಹಗುರ.

ಹಾಗಾಗಿ ಚಿಪ್, ಲಸಿಕೆ, ಪಥ್ಯ ಮೂರನ್ನೂ ಈಗಲೇ ಶುರು ಮಾಡುವ, ಹೋಗುವುದೋ ಬಿಡುವುದೋ ಫೆಬ್ರವರಿಗೆ ನೋಡುವ. ಹೋಗುವುದಾದರೆ ಬೆಂಗಳೂರಿನಿಂದ ನೇರ ವಿಮಾನವೇ ಆಗಬೇಕು. ಮಂಗಳೂರಿನಿಂದ ದುಬೈ ಮೇಲೆ ಅಗ್ಗವೆಂದು ನೋಡಬೇಡ. ಆ ಕಡೆಯ ಕೆಲವು ವಿಮಾನಗಳಲ್ಲಿ ಬೇಟೆಯ ಗಿಡುಗಕ್ಕೆ ಸೀಟಿನ ಬಳಿ ಜಾಗ ಕೊಡುವುದುಂಟಂತೆ, ನಾಯಿಗೆ ಇಲ್ಲ. ಅವರವರ ದೇಶದ ಧರ್ಮರಾಯ!

ಉಳಿಯುವುದಾದರೆ? ಇಲ್ಲಿ ಸ್ವರ್ಗವಿದೆ ಎಂದು ನಾನು ಹೇಳುವುದಿಲ್ಲ. ಉಣ್ಣಿ ಉಂಟು, ಕನ್ನಡಿಹಾವು ಉಂಟು, ಮುಳಿಯಾರಿನ ಕಡೆ ಚಿರತೆಯ ಸುದ್ದಿ ಕೇಳಿದ ಮೇಲೆ ಕತ್ತಲಾದರೆ ನಾನೇ ಅವನನ್ನು ಒಳಗೆ ಹಾಕುತ್ತೇನೆ. ಮಾರ್ಚ್, ಏಪ್ರಿಲಿನ ಸೆಕೆಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಯಲ್ಲಿ ಮಲಗುತ್ತಾನೆ, ಕಳೆದ ಬೇಸಗೆಯಲ್ಲಿ ಆ ಜಾಗ ಅವನೇ ಹುಡುಕಿಕೊಂಡದ್ದು. ನನಗೆ 68. ಅವನಿಗೆ 8, ಪಗ್ಗಿಗೆ ಅದು ಸಣ್ಣ ಪ್ರಾಯವಲ್ಲ. ನಿನ್ನ ಕೆಲಸ ಎರಡು ವರ್ಷದ್ದು, ಮುಂದುವರಿದರೆ ಎಷ್ಟೋ. ನೀನು ಬರುವಾಗ ಅವನಿರುತ್ತಾನೆಂದು ನಾನು ಬರೆದುಕೊಡಲಾರೆ. ಅಲ್ಲಾದರೆ ಬೆಳಿಗ್ಗೆಯಿಂದ ಸಂಜೆವರೆಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ, ಇಲ್ಲಾದರೆ ಯಾರ ಕಾಲಾದರೂ ಸಿಗುತ್ತದೆ ಮೂಸಲಿಕ್ಕೆ. ನಿನ್ನ ಕಾಲು ಸಿಗುವುದಿಲ್ಲ, ಅದೂ ನಿಜ. ನೀವು ಬಿಟ್ಟುಹೋದ ಮೇಲೆ ನಾಲ್ಕು ದಿನ ಗೇಟಿನಲ್ಲಿ ಕೂತಿದ್ದ. ಐದನೆಯ ದಿನ ಅವಲಕ್ಕಿಯ ಹೊತ್ತಿಗೆ ಎದ್ದು ಬಂದ. ಇದನ್ನು ಓದಿ ನಿನಗೆ ಸಮಾಧಾನವಾಗುತ್ತದೋ ಬೇಸರವಾಗುತ್ತದೋ ಗೊತ್ತಿಲ್ಲ, ಕಂಡದ್ದನ್ನು ಬರೆದೆ.

ಇನ್ನೊಂದು ವಿಷಯ ಬಿಟ್ಟೆ. ಸೀಟಿನ ಅಡಿಗೆ ಹಿಡಿಯುವ ಚೀಲದ ಅಳತೆ ಒಂದು ಕಂಪೆನಿಯದ್ದು 55, 40, 23 ಸೆಂಟಿಮೀಟರ್ ಎಂದಿತ್ತು. ಹಳೆಯ ರಟ್ಟು, ಗೋಣಿ ಸೇರಿಸಿ ಅದೇ ಅಳತೆಗೆ ಪೆಟ್ಟಿಗೆಯೊಂದು ಹೊಲಿದೆ. ಹಪ್ಪಳದ ಚೂರು ತೋರಿಸಿದ್ದಕ್ಕೆ ಒಳಗೆ ಹೋದ (ಅದೊಂದೇ ಚೂರು, ಅತ್ತೆಗೆ ಹೇಳಬೇಡ). ತಿರುಗಿದ, ಮಲಗಿದ. ಎದ್ದು ನಿಲ್ಲಲು ಹೋದಾಗ ಮಾತ್ರ ಬೆನ್ನು ಮುಚ್ಚಳಕ್ಕೆ ತಾಗಿತು, ಕಾಲು ಮಡಚಿ ಕುಗ್ಗಿಯೇ ನಿಂತ. ನಾಯಿ ಎದ್ದು ನಿಲ್ಲಲು, ತಿರುಗಲು ಆಗಬೇಕು ಎಂಬುದು ಅವರದ್ದೇ ನಿಯಮ. ಕೊಬ್ಬು ಕರಗಿಸಬಹುದು, ಕಾಲು ಗಿಡ್ಡ ಮಾಡಲು ನನ್ನಿಂದಾಗದು. ಸ್ವಲ್ಪ ಎತ್ತರದ ಚೀಲ ಒಪ್ಪುವ ಕಂಪೆನಿ ಉಂಟೋ ನೀನು ವಿಚಾರಿಸಬೇಕು. ಗುಂಡನ ಹೆಗಲಿನ ಎತ್ತರ 28 ಸೆಂಟಿಮೀಟರ್, ಗೋಡೆಗೆ ಒರಗಿಸಿ ಎರಡು ಸಲ ಅಳೆದಿದ್ದೇನೆ.

ಪೆಟ್ಟಿಗೆಯನ್ನು ಜಗಲಿಯಲ್ಲೇ ಬಿಟ್ಟಿದ್ದೇನೆ, ಅಭ್ಯಾಸವಾಗಲಿ ಎಂದು. ಈಗ ಅದರೊಳಗೆ ಮಲಗಿ ಗೊರಕೆ ಹೊಡೆಯುತ್ತಿದ್ದಾನೆ, ಒಂದು ಕಾಲು ಹೊರಗೆ. ಎರಡೂವರೆಯ ಬಸ್ಸಿಗೆ ಬದಿಯಡ್ಕಕ್ಕೆ ಹೋಗಿ ಚಿಪ್ ಹಾಕುವುದು ಯಾವತ್ತೆಂದು ಕೇಳಿ ಬರುತ್ತೇನೆ, ಈ ಕಾಗದವನ್ನೂ ಹಾಗೆಯೇ ಪೋಸ್ಟಿಗೆ ಹಾಕುತ್ತೇನೆ.

ಪ್ರಸಾದನಿಗೆ ಆಶೀರ್ವಾದ ತಿಳಿಸು. ಅಮ್ಮನಿಗೆ ಫೋನ್ ಮಾಡು.

ಇಂತು,
ನಿನ್ನ ಮಾವ