ನಮ್ಮ ಶಾಲೆ ಮಕ್ಕಳಿಗೂ ರಗ್ಬಿ ಲೀಗ್ ಕಲಿಸಿ

ಸಂಪಾದಕರೇ,

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಫುಟ್‌ಬಾಲ್, ಕಬಡ್ಡಿ ಜೊತೆ ರಗ್ಬಿ ಲೀಗ್ (ಮೊಟ್ಟೆ ಆಕಾರದ ಬಾಲ್ ಕೈಯಲ್ಲಿ ಹಿಡ್ಕೊಂಡು ಓಡೋ ಆಟ) ಕೂಡಾ ಕಲಿಸ್ಬೇಕು ಅಂತ ನನ್ನ ವಿನಂತಿ. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಅಲ್ಲಿನ ರಗ್ಬಿ ಸಂಘದಿಂದ ಬೇರೆಯಾಗಿ ಶುರು ಮಾಡಿದ್ದು ಇದು, ಗಣಿ, ಮಿಲ್ ಕೆಲಸದವ್ರು ಆಡ್ಲಿಕ್ಕೆ ಬಂದ್ರೆ ಕೂಲಿ ಹೋಗ್ತದೆ, ಅದನ್ನ ತುಂಬಿ ಕೊಡ್ಬೇಕು ಅಂತ ಕೇಳಿದ್ದೇ ಜಗಳಕ್ಕೆ ಕಾರಣ, ಹಾಗಾಗಿ ದುಡಿಯುವವರ ಆಟ. ಒಂದು ಟೀಮಲ್ಲಿ 13 ಜನ, 6 ಟ್ಯಾಕಲ್ (ಬಾಲ್ ಹಿಡ್ಕೊಂಡವ್ರನ್ನ ಎದುರಿನವ್ರು ಹಿಡಿದು ನಿಲ್ಲಿಸೋದು) ಆಗೋದ್ರೊಳಗೆ ಪಾಯಿಂಟ್ ಮಾಡ್ಬೇಕು, ಇಲ್ದಿದ್ರೆ ಬಾಲ್ ಆಚೆಯವ್ರಿಗೆ. ಹಿಡಿಯೋದು, ತಪ್ಪಿಸ್ಕೊಳ್ಳೋದು ಕಬಡ್ಡಿ ಆಡೋ ಮಕ್ಕಳಿಗೆ ಬೇಗ ಹಿಡಿಸ್ತದೆ.

ಪೆಟ್ಟಾಗ್ತದೆ ಅಂತ ಅಮ್ಮಂದಿರಿಗೆ ಹೆದರಿಕೆ ಇರ್ತದೆ, ಸರಿಯೇ, ಆದ್ರೆ ಸಣ್ಣವ್ರಿಗೆ ಟ್ಯಾಗ್ ರಗ್ಬಿ ಇದೆ, ಸೊಂಟದ ಬೆಲ್ಟಿಗೆ ಅಂಟಿಸಿದ ಪಟ್ಟಿ ಕಿತ್ರೆ ಸಾಕು, ಯಾರನ್ನೂ ಬೀಳಿಸ್ಲಿಕ್ಕಿಲ್ಲ, ಹುಡುಗಿಯರೂ ಒಟ್ಟಿಗೆ ಆಡ್ಬಹುದು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಪಿ.ಟಿ. ಮಾಷ್ಟ್ರುಗಳಿಗೆ ಮೊದ್ಲು ಟ್ರೈನಿಂಗ್ ಕೊಡ್ಲಿ, ಪಿಟಿಎಯವ್ರು ಒಂದೆರಡು ಬಾಲ್ ತೆಗೆದುಕೊಡ್ಲಿ.

– ಒಬ್ಬ ಪೋಷಕ, ಬದಿಯಡ್ಕ