ಮಂಡ್ಯ ಸ್ಟೇಷನ್ನಿನಲ್ಲಿ ಸಿಕ್ಕ ಆ ತಾಯಿಗೆ

ಕಳೆದ ತಿಂಗಳು ಮೈಸೂರಿನ ರೈಲಿಗೆ ಕಾಯುವಾಗ, ನೀರಿನ ಬಾಟಲಿ ಮರೆತು ಬಂದ ಮಗನ ಮೇಲೆ ರೇಗಿ ಅವನ ಬ್ಯಾಗನ್ನೇ ಎಸೆದವನು ನಾನು. ಜಾಮಿಟ್ರಿ ಬಾಕ್ಸ್ ಬಿಚ್ಚಿಕೊಂಡು ಕೈವಾರ ಬೆಂಚಿನ ಕೆಳಗೆ ಸೇರಿತು. ಎಲ್ಲರೂ ನೋಡುತ್ತ ನಿಂತರು. ನೀವೊಬ್ಬರೇ ಬಗ್ಗಿ ಎಲ್ಲ ಆಯ್ದು ಅವನ ಕೈಗಿತ್ತಿರಿ.

ಆಮೇಲೆ ಪಕ್ಕ ಕೂತು, "ಸಿಟ್ಟು ಬರಕ್ಕೆ ಮುಂಚೆ ಮೈಯಲ್ಲಿ ಏನಾಯ್ತದೆ ಮಗಾ?" ಅಂದಿರಿ. ಇದನ್ನು ಯಾರೂ ಕೇಳಿರಲಿಲ್ಲ. ಕಿವಿ ಬಿಸಿಯಾಗುತ್ತೆ, ದವಡೆ ಬಿಗಿಯುತ್ತೆ ಅಂದೆ. "ಆಗ್ಲೇ ಎದ್ದು ಆಚೆ ಹೋಗು. ಆಮೇಲೆ ತಡೆಯಕ್ಕಾಗಕಿಲ್ಲ" ಎಂದು ಹೇಳಿ, ಮನಸ್ಸಿನ ತೊಂದರೆಗಳಿಗೆ ಇರುವ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರು 14416 ಬರೆದುಕೊಟ್ಟಿರಿ.

ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. ಪದೇಪದೇ ಹೀಗೆ ಸಿಡಿಯುವುದು ಬರೀ ಸ್ವಭಾವವಲ್ಲ, ಚಿಕಿತ್ಸೆಯಿರುವ ತೊಂದರೆಯೂ ಆಗಿರಬಹುದೆಂದು ಗೊತ್ತಾಯಿತು. ಈಗ ವೈದ್ಯರನ್ನು ಕಾಣುತ್ತಿದ್ದೇನೆ.

ನಿಮ್ಮ ಹೆಸರು ಕೇಳಲಿಲ್ಲ. ಮಗ ಅದೇ ಕೈವಾರದಲ್ಲಿ ವೃತ್ತ ಬರೆಯುತ್ತಾನೆ. ಶರಣು, ತಾಯಿ.